ವೆಬ್‌ಸೈಟ್‌ಗೆ ಎಷ್ಟು ಹಣ ಹಾಕಬೇಕು? ಮಲೆನಾಡಿನ ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಹಾಕುವ ದಾರಿ

ಶಿವಮೊಗ್ಗದಲ್ಲಿ ನಾಲ್ಕು ಜನರ ಹತ್ತಿರ ವೆಬ್‌ಸೈಟ್‌ಗೆ ಕೊಟೇಶನ್ ಕೇಳಿ ನೋಡಿ. ಒಬ್ಬರು 8 ಸಾವಿರ ಅಂತಾರೆ, ಇನ್ನೊಬ್ಬರು 80 ಸಾವಿರ ಅಂತಾರೆ. ಯಾರೋ ಒಬ್ಬರು ಮೋಸ ಮಾಡುತ್ತಿದ್ದಾರೆ ಅಂತಲ್ಲ. ಐದು ಪುಟದ ಸೈಟೂ ವೆಬ್‌ಸೈಟೇ, ಹಣ ಕಟ್ಟಿ ಸಾಮಾನು ತರಿಸಿಕೊಳ್ಳುವ ಆನ್‌ಲೈನ್ ಅಂಗಡಿಯೂ ವೆಬ್‌ಸೈಟೇ. ತೊಂದರೆ ಬೇರೆ ಕಡೆ ಇದೆ. ಕೇಳಲು ಹೋದವರ ಕೈಯಲ್ಲಿ ತಮ್ಮದೇ ಆದ ಒಂದು ಅಂಕಿ ಇರುವುದಿಲ್ಲ. ಹಾಗಾಗಿ ಎದುರಿಗೆ ಕೂತವರು ಹೇಳಿದ ಅಂಕಿಯಿಂದಲೇ ಚೌಕಾಸಿ ಶುರುವಾಗುತ್ತದೆ. 40 ಸಾವಿರ ಹೇಳಿದ್ದು 32ಕ್ಕೆ ಇಳಿದರೆ ಉಳಿತಾಯ ಆಯ್ತು ಅನ್ನಿಸುತ್ತದೆ. ಆ ವ್ಯಾಪಾರಕ್ಕೆ 15 ಸಾವಿರವೇ ಸಾಕಿತ್ತೋ ಏನೋ, ಯಾರೂ ನೋಡಿರುವುದಿಲ್ಲ.

ನಿಮ್ಮ ಅಂಕಿ ನಿಮ್ಮ ಲೆಕ್ಕದ ಪುಸ್ತಕದಿಂದಲೇ ಬರಬೇಕು. ಅದನ್ನು ಹೊರಗೆ ತೆಗೆಯುವುದು ಹೇಗೆ ಅಂತ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಕಳೆದ ವರ್ಷದ ಲೆಕ್ಕ, ಒಂದು ನೋಟ್‌ಬುಕ್ಕು, ಫೋನಿನ ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಓದಿ. ಉದಾಹರಣೆಯಲ್ಲಿ ಬರುವ ರೂಪಾಯಿಗಳು ಲೆಕ್ಕ ತೋರಿಸಲು ಹಾಕಿದ ಅಂದಾಜುಗಳು. ಅವುಗಳ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

ಹೆಜ್ಜೆ 1: ಸೈಟ್ ಯಾಕೆ ಬೇಕು ಅಂತ ಒಂದೇ ಸಾಲಲ್ಲಿ ಬರೆಯಿರಿ

"ಎಲ್ಲರದ್ದೂ ಇದೆ, ನಮ್ಮದೂ ಇರಲಿ" ಅನ್ನುವುದು ಕಾರಣವಲ್ಲ. "ಬೆಂಗಳೂರಿನಿಂದ ಆಗುಂಬೆಗೆ ಬರುವವರು ನಮ್ಮ ಹೋಮ್‌ಸ್ಟೇಗೆ ನೇರವಾಗಿ ಫೋನ್ ಮಾಡಬೇಕು" ಅನ್ನುವುದು ಕಾರಣ. "ಅಡಿಕೆ ಹಾಳೆ ತಟ್ಟೆ ಸಗಟಾಗಿ ಕೊಳ್ಳುವವರು ನಮ್ಮ ಸೈಜು, ದಿನದ ಉತ್ಪಾದನೆ ನೋಡಿ ನಂಬಬೇಕು" ಅನ್ನುವುದೂ ಕಾರಣ. ಸಾಲು ಬರೆದ ಮೇಲೆ ಅದರಲ್ಲಿರುವ ಕ್ರಿಯಾಪದ ನೋಡಿ. ಫೋನ್ ಮಾಡಬೇಕು, ನಂಬಬೇಕು, ರೂಮ್ ಬುಕ್ ಮಾಡಬೇಕು, ಹಣ ಕಟ್ಟಬೇಕು: ಈ ನಾಲ್ಕರಲ್ಲಿ ಯಾವುದು ಅನ್ನುವುದರ ಮೇಲೆ ಖರ್ಚು ನಿಂತಿದೆ. ಮೊದಲ ಎರಡಕ್ಕೆ ನಾಲ್ಕೈದು ಪುಟ ಸಾಕು. ಕೊನೆಯ ಎರಡಕ್ಕೆ ಸಾಫ್ಟ್‌ವೇರ್ ಬೇಕು, ಅದನ್ನು ನೋಡಿಕೊಳ್ಳುವ ಜನ ಬೇಕು.

ಸಾಲು ಬರೆಯಲು ಆಗಲೇ ಇಲ್ಲವೇ? ಹಾಗಾದರೆ ಈ ವರ್ಷ ಹಣ ಹಾಕಬೇಡಿ. ಮುಂದಿನ ಹೆಜ್ಜೆಯಷ್ಟೇ ಮಾಡಿ.

ಹೆಜ್ಜೆ 2: ಕಾಸು ಬೇಡದ ಕೆಲಸ ಮೊದಲು ಮುಗಿಸಿ

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಮ್ಯಾಪಿನಲ್ಲಿ ಅಂಗಡಿ ಹೆಸರು, ಫೋನ್ ನಂಬರ್, ಸಮಯ, ಫೋಟೋ, ಜನರ ಅಭಿಪ್ರಾಯ ತೋರಿಸುವುದು ಅದೇ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಕೂಡ ಉಚಿತ. ಅದರಲ್ಲಿ ಕ್ಯಾಟಲಾಗ್ ಮಾಡಿ, ಸಾಮಾನಿನ ಫೋಟೋ ಮತ್ತು ರೇಟು ಹಾಕಬಹುದು. ಶಿವಮೊಗ್ಗದ ದುರ್ಗಿಗುಡಿಯಲ್ಲೋ ಗಾಂಧಿ ಬಜಾರ್‌ನಲ್ಲೋ ಅಂಗಡಿ ಇದ್ದು, ಗಿರಾಕಿಗಳೆಲ್ಲ ಊರಿನವರೇ ಆಗಿದ್ದರೆ, ಬಹಳಷ್ಟು ಮಂದಿಗೆ ಇಷ್ಟೇ ಸಾಕು. ಟೈಲರಿಂಗ್, ಮಿಕ್ಸಿ ರಿಪೇರಿ, ಬೈಕ್ ಬಿಡಿಭಾಗದ ಅಂಗಡಿಯವರಿಗೆ ನಾನು ವೆಬ್‌ಸೈಟ್ ಮಾಡಿಸಿ ಅಂತ ಹೇಳುವುದೇ ಇಲ್ಲ.

ಮಲೆನಾಡಿನಲ್ಲಿ ಈ ಉಚಿತ ಕೆಲಸದಲ್ಲೇ ಒಂದು ದೊಡ್ಡ ತಪ್ಪು ಕಾಣುತ್ತದೆ: ಮ್ಯಾಪಿನ ಪಿನ್. ಮನೆ ಇರುವುದು ಟಾರ್ ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗೆ, ತೋಟ ದಾಟಿ. ಪಿನ್ ಮಾತ್ರ ಊರಿನ ಹೆಸರಿನ ಮೇಲೆ ಎಲ್ಲೋ ಕೂತಿರುತ್ತದೆ. ಬಂದವರು ಇನ್ಯಾರದೋ ಗದ್ದೆ ಬದಿಯಲ್ಲಿ ಕಾರು ನಿಲ್ಲಿಸಿ, ಸಿಗ್ನಲ್ ಇಲ್ಲದೆ ಒದ್ದಾಡುತ್ತಾರೆ. ಫೋನ್ ಹಿಡಿದು ನಿಮ್ಮ ಅಂಗಳದಲ್ಲೇ ನಿಂತು ಪಿನ್ ಸರಿ ಮಾಡಿ. ಆಮೇಲೆ ಕಾರು ತಿರುಗಬೇಕಾದ ಜಾಗದ ಫೋಟೋ ಒಂದು ಹಾಕಿ. ಇದಕ್ಕೆ ಒಂದು ರೂಪಾಯಿಯೂ ಬೇಡ. 50 ಸಾವಿರದ ವೆಬ್‌ಸೈಟ್ ಇದ್ದರೂ ಈ ಕೆಲಸ ಆಗದಿದ್ದರೆ ಗಿರಾಕಿ ದಾರಿಯಲ್ಲೇ ಉಳಿಯುತ್ತಾನೆ.

ಇನ್ನೊಂದು ವಿಷಯ. ಬಿಸಿನೆಸ್ ಪ್ರೊಫೈಲ್ ಜೊತೆ ಗೂಗಲ್ ಕೊಡುತ್ತಿದ್ದ ಪುಕ್ಕಟೆ ಪುಟ್ಟ ವೆಬ್‌ಸೈಟ್ 2024ರ ಮಾರ್ಚ್‌ನಲ್ಲಿ ನಿಂತುಹೋಯಿತು. ವಿಸಿಟಿಂಗ್ ಕಾರ್ಡಿನಲ್ಲಿ, ಬೋರ್ಡಿನಲ್ಲಿ ಆ ವಿಳಾಸ ಉಳಿದಿದ್ದರೆ ತೆಗೆಸಿ.

ಈ ಪ್ರೊಫೈಲ್ ಎರಡು ಮೂರು ತಿಂಗಳು ಓಡಲಿ. ಎಷ್ಟು ಜನ ಫೋನ್ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಅಂತ ಅದೇ ತೋರಿಸುತ್ತದೆ. ಮುಂದಿನ ಲೆಕ್ಕಕ್ಕೆ ಆ ಅಂಕಿ ಬೇಕು.

ಹೆಜ್ಜೆ 3: ಒಬ್ಬ ಗಿರಾಕಿಯಿಂದ ಕೈಯಲ್ಲಿ ಉಳಿಯುವುದೆಷ್ಟು?

ಇಡೀ ಲೆಕ್ಕದ ತಿರುಳು ಇದು. ಬಂದ ಹಣ ಬೇರೆ, ಉಳಿದ ಹಣ ಬೇರೆ. ವೆಬ್‌ಸೈಟ್ ಖರ್ಚನ್ನು ಉಳಿದ ಹಣದಿಂದಲೇ ಅಳೆಯಬೇಕು.

ತೀರ್ಥಹಳ್ಳಿ ಕಡೆ ನಾಲ್ಕು ಕೋಣೆಯ ಒಂದು ಹೋಮ್‌ಸ್ಟೇ ಅಂದುಕೊಳ್ಳಿ. ಊಟ ತಿಂಡಿ ಸೇರಿ ಒಬ್ಬರಿಗೆ ದಿನಕ್ಕೆ 2,000 ರೂ. ನಾಲ್ಕು ಜನರ ಒಂದು ಕುಟುಂಬ ಒಂದು ರಾತ್ರಿ ಉಳಿದರೆ 8,000 ರೂ. ಬಂತು. ಇದರಲ್ಲಿ ಆ ಕುಟುಂಬ ಬಂದಿದ್ದಕ್ಕೇ ಆದ ಖರ್ಚನ್ನು ಮಾತ್ರ ಕಳೆಯಿರಿ. ಅಡುಗೆ ಸಾಮಾನು ಒಬ್ಬರಿಗೆ 600ರಂತೆ 2,400. ಅಡುಗೆಗೆ, ಕೋಣೆ ಕ್ಲೀನ್ ಮಾಡಲು ಬಂದವರ ಕೂಲಿ 800. ಬೆಡ್‌ಶೀಟ್ ಒಗೆಯುವುದು, ಸ್ನಾನದ ನೀರಿಗೆ ಸೌದೆ, ಗ್ಯಾಸು, ಕರೆಂಟು ಎಲ್ಲ ಸೇರಿ 400. ಒಟ್ಟು 3,600. ಕೈಯಲ್ಲಿ ಉಳಿದದ್ದು 4,400 ರೂ.

ಇದೇ ಕುಟುಂಬ ಬುಕಿಂಗ್ ಆ್ಯಪ್ ಮೂಲಕ ಬಂದಿದ್ದರೆ? ಆ್ಯಪ್‌ಗಳ ಕಮಿಷನ್ ಬೇರೆ ಬೇರೆ ಇರುತ್ತದೆ. ಇಲ್ಲಿ ಶೇ. 18 ಅಂತ ಇಟ್ಟುಕೊಳ್ಳೋಣ. 8,000ಕ್ಕೆ 1,440 ರೂ. ಆಯಿತು. ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ಹತ್ತಿರ ಹತ್ತಿರ 1,700. ಉಳಿಯುವುದು 2,700 ರೂ. ಮಾತ್ರ.

ಈಗ ಎರಡು ಅಂಕಿ ಸಿಕ್ಕವು. ವೆಬ್‌ಸೈಟ್ ನೋಡಿ ಹೊಸದಾಗಿ ಬಂದ ಬುಕಿಂಗ್ ಒಂದಕ್ಕೆ 4,400 ರೂ. ಲಾಭ. ಆ್ಯಪ್ ಬಿಟ್ಟು ನೇರವಾಗಿ ಬಂದ ಬುಕಿಂಗ್ ಒಂದಕ್ಕೆ 1,700 ರೂ. ಉಳಿತಾಯ. ಎರಡನ್ನೂ ಬೇರೆ ಬೇರೆ ಬರೆದಿಡಿ, ಕಲಸಬೇಡಿ. ಬಹಳ ಮಂದಿ ವೆಬ್‌ಸೈಟ್‌ನಿಂದ ಬಂದ ಪ್ರತಿ ಬುಕಿಂಗಿಗೂ ಪೂರ್ತಿ 8,000 ರೂ. ಲಾಭ ಅಂತ ಹಿಡಿದು ಖರ್ಚಿಗೆ ಇಳಿಯುತ್ತಾರೆ. ಆ ಲೆಕ್ಕದಲ್ಲಿ ಎಂಥ ಕೊಟೇಶನ್ ಬಂದರೂ ಅಗ್ಗವಾಗಿಯೇ ಕಾಣುತ್ತದೆ.

ನಿಮ್ಮದು ಅಂಗಡಿಯಾಗಿದ್ದರೆ ಒಂದು ಬಿಲ್ಲಿಗೆ ಸರಾಸರಿ ಎಷ್ಟು ಉಳಿಯುತ್ತದೆ ನೋಡಿ. ಕ್ಲಿನಿಕ್, ಟ್ಯೂಷನ್, ಟ್ಯಾಕ್ಸಿ ಥರದ ವ್ಯಾಪಾರಕ್ಕೆ ಗಿರಾಕಿ ಒಂದೇ ಸಲ ಬರುವುದಿಲ್ಲ. ಅಂಥವರು ಒಬ್ಬ ಗಿರಾಕಿ ಒಂದು ವರ್ಷದಲ್ಲಿ ಎಷ್ಟು ಉಳಿಸಿಕೊಡುತ್ತಾನೆ ಅಂತ ಬರೆಯಬೇಕು.

ಹೆಜ್ಜೆ 4: ಎಷ್ಟು ಜನ ಬರಬಹುದು? ಬರೆದು ನೋಡಿ, ಆಮೇಲೆ ಅರ್ಧ ಮಾಡಿ

ಒಂದು ತಿಂಗಳು ಒಂದು ಕೆಲಸ ಮಾಡಿ. ಫೋನ್ ಮಾಡಿದ ಪ್ರತಿಯೊಬ್ಬರನ್ನೂ ಕೇಳಿ: "ನಮ್ಮ ಬಗ್ಗೆ ಎಲ್ಲಿ ತಿಳೀತು?" ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಹೋಗಿ: ಪರಿಚಯದವರು, ಗೂಗಲ್, ಇನ್‌ಸ್ಟಾಗ್ರಾಮ್, ಆ್ಯಪ್, ರಸ್ತೆ ಬದಿಯ ಬೋರ್ಡು. ಜೊತೆಗೆ "ವೆಬ್‌ಸೈಟ್ ಇದೆಯಾ?" ಅಂತ ಕೇಳಿದವರು ಎಷ್ಟು ಅನ್ನುವುದಕ್ಕೂ ಒಂದು ಕಾಲಂ ಇಡಿ. "ಫೋಟೋ ಕಳಿಸಿ, ರೇಟ್ ಕಳಿಸಿ" ಅಂದು ಆಮೇಲೆ ಸುಮ್ಮನಾದವರಿಗೆ ಇನ್ನೊಂದು ಕಾಲಂ. ಸೈಟ್ ಹಿಡಿದಿಡಬಹುದಾದ ಗಿರಾಕಿಗಳು ಹೆಚ್ಚಾಗಿ ಈ ಕೊನೆಯ ಎರಡು ಕಾಲಂನಲ್ಲಿ ಇರುತ್ತಾರೆ. ಪರಿಚಯದವರ ಮೂಲಕ ಬಂದವರು ವೆಬ್‌ಸೈಟ್ ಇದ್ದರೂ ಬರುತ್ತಾರೆ, ಇಲ್ಲದಿದ್ದರೂ ಬರುತ್ತಾರೆ. ಅವರನ್ನು ಸೈಟಿನ ಲೆಕ್ಕಕ್ಕೆ ಸೇರಿಸಬೇಡಿ.

ಯಾವ ತಿಂಗಳಲ್ಲಿ ಬರೆಯುತ್ತೀರಿ ಅನ್ನುವುದೂ ಮುಖ್ಯ. ಜೋಗ ತುಂಬಿ ಹರಿಯುವ ಆಗಸ್ಟಿನಲ್ಲಿ ಸಾಗರದ ಲಾಡ್ಜಿನವರು ಬರೆದರೆ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಪರೀಕ್ಷೆಗಳ ಕಾಲದ ಮಾರ್ಚ್‌ನಲ್ಲಿ ಹಾಗಿರುವುದಿಲ್ಲ. ಸೀಸನ್ ತಿಂಗಳ ಅಂಕಿಯನ್ನು 12ರಿಂದ ಗುಣಿಸಿ ವರ್ಷದ ಲೆಕ್ಕ ಅಂದುಕೊಳ್ಳಬೇಡಿ. ಹೋಮ್‌ಸ್ಟೇಯವರಿಗೆ ಇನ್ನೊಂದು ಮಿತಿಯೂ ಇದೆ. ಸೀಸನ್‌ನ ಶನಿವಾರ ಕೋಣೆಗಳು ಹೇಗೂ ತುಂಬಿರುತ್ತವೆ. ಆ ದಿನಕ್ಕೆ ಸೈಟ್ ನೋಡಿ ಇನ್ನೂ ಹತ್ತು ಜನ ಫೋನ್ ಮಾಡಿದರೂ ಲಾಭ ಇಲ್ಲ. ಖಾಲಿ ಬೀಳುವ ದಿನಗಳನ್ನು ಎಷ್ಟು ತುಂಬುತ್ತದೆ ಅನ್ನುವುದಷ್ಟೇ ಲೆಕ್ಕ.

ನಮ್ಮ ಹೋಮ್‌ಸ್ಟೇ ಉದಾಹರಣೆಗೆ ಬರೋಣ. ತಿಂಗಳಿಗೆ ಒಂದು ಬುಕಿಂಗ್ ಆ್ಯಪ್ ಬಿಟ್ಟು ನೇರವಾಗಿ ಬರಬಹುದು ಅನ್ನಿಸಿತು. 12 ಸಲ 1,700 ಅಂದರೆ 20,400 ರೂ. ವರ್ಷಕ್ಕೆ 8 ಹೊಸ ಬುಕಿಂಗ್ ಬರಬಹುದು ಅನ್ನಿಸಿತು. 8 ಸಲ 4,400 ಅಂದರೆ 35,200 ರೂ. ಒಟ್ಟು 55,600. ಇದನ್ನು ಅರ್ಧ ಮಾಡಿ: 27,800 ರೂ. ಯಾಕೆ ಅರ್ಧ ಅಂದರೆ, ಹೊಸ ಕೆಲಸ ಶುರು ಮಾಡುವಾಗ ನಮ್ಮೆಲ್ಲರ ಅಂದಾಜೂ ಆಸೆಯ ಕಡೆಗೆ ವಾಲಿರುತ್ತದೆ. ಸೈಟ್ ಗೂಗಲ್‌ನಲ್ಲಿ ಕಾಣಿಸಿಕೊಳ್ಳಲು ಸಮಯವೂ ಹಿಡಿಯುತ್ತದೆ.

ಹೆಜ್ಜೆ 5: ಮೂರು ವರ್ಷಕ್ಕೆ ಒಂದು ಮಿತಿ ಹಾಕಿಕೊಳ್ಳಿ

ಮೊದಲ ವರ್ಷದ ಖರ್ಚು ಮಾತ್ರ ನೋಡಬೇಡಿ. ಮೂರು ವರ್ಷ ಹಿಡಿಯಿರಿ. ಅಷ್ಟರೊಳಗೆ ಫೋಟೋ ಹಳೆಯದಾಗುತ್ತದೆ, ರೇಟು ಬದಲಾಗುತ್ತದೆ, ಸೈಟಿಗೆ ಹೇಗೂ ಕೈ ಹಾಕಬೇಕಾಗುತ್ತದೆ.

ಅರ್ಧ ಮಾಡಿದ ಲಾಭ ವರ್ಷಕ್ಕೆ 27,800 ಅಂದರೆ ಮೂರು ವರ್ಷಕ್ಕೆ 83,400 ರೂ. ಇದರಲ್ಲಿ ಅರ್ಧದಷ್ಟು, ಅಂದರೆ ಸುಮಾರು 42,000 ರೂ. ಮೂರು ವರ್ಷದ ಒಟ್ಟು ಖರ್ಚಿನ ಮಿತಿ. ಉಳಿದ ಅರ್ಧ ನಿಮ್ಮ ಲಾಭ. ಅದೂ ಬೇಡವಾದರೆ ಈ ತಲೆಬಿಸಿ ಯಾಕೆ, ಅಲ್ವಾ?

42,000ದಲ್ಲಿ ಮೊದಲು ವರ್ಷಾವರ್ಷದ ಖರ್ಚನ್ನು ತೆಗೆದಿಡಿ. ಡೊಮೇನ್ (ಸೈಟಿನ ಹೆಸರು) 1,000, ಹೋಸ್ಟಿಂಗ್ (ಸೈಟನ್ನು ಇಂಟರ್ನೆಟ್‌ನಲ್ಲಿ ಇಡುವ ಜಾಗದ ಬಾಡಿಗೆ) 4,000, ಸಣ್ಣಪುಟ್ಟ ಬದಲಾವಣೆ ಮತ್ತು ಅಪ್‌ಡೇಟ್‌ಗೆ 3,000. ವರ್ಷಕ್ಕೆ 8,000, ಮೂರು ವರ್ಷಕ್ಕೆ 24,000. ಮಿಕ್ಕಿದ್ದು 18,000 ರೂ. ಸೈಟ್ ಕಟ್ಟಲು ಮತ್ತು ಫೋಟೋ ತೆಗೆಸಲು ನಿಮ್ಮ ಹತ್ತಿರ ಇರುವುದು ಇಷ್ಟು. ಫೋಟೋಗೆ 6,000, ಕಟ್ಟುವುದಕ್ಕೆ 12,000 ಅಂತ ಹಂಚಿಕೊಂಡರೆ, ನಾಲ್ಕೈದು ಪುಟದ ಅಚ್ಚುಕಟ್ಟಾದ ಸೈಟನ್ನು ಸ್ವತಂತ್ರವಾಗಿ ಕೆಲಸ ಮಾಡುವ ಒಬ್ಬ ಹುಡುಗನೋ ಹುಡುಗಿಯೋ ಮಾಡಿಕೊಡಬಹುದು.

ಯಾರಾದರೂ ಇದೇ ಹೋಮ್‌ಸ್ಟೇಗೆ ಕಟ್ಟುವುದಕ್ಕೇ 60,000 ಅಂದರೆ? ಫೋಟೋ, ವರ್ಷದ ಖರ್ಚು ಸೇರಿ 90,000 ಆಗುತ್ತದೆ. ಬರುವ ಲಾಭವೇ 83,400. ಸೈಟ್ ಎಷ್ಟೇ ಚೆಂದ ಇದ್ದರೂ ಈ ವ್ಯಾಪಾರಕ್ಕೆ ಅದು ಭಾರ. ನಿಮ್ಮ ಕೈಯಲ್ಲಿ ಅಂಕಿ ಇದ್ದರೆ "ಬೇಡ" ಅನ್ನಲು ಮುಜುಗರ ಆಗುವುದಿಲ್ಲ.

ಇದೇ ಲೆಕ್ಕ, ಬೇರೆ ವ್ಯಾಪಾರ: ಅಪ್ಪೆಮಿಡಿ ಉಪ್ಪಿನಕಾಯಿ

ಹೊಸನಗರ, ಸಾಗರ ಕಡೆಯ ಮನೆಗಳಲ್ಲಿ ಅಪ್ಪೆಮಿಡಿ ಹಾಕಿ ಮಾರುವವರು ಬಹಳ. ಬೆಂಗಳೂರಿನ ನೆಂಟರು "ಆನ್‌ಲೈನ್‌ನಲ್ಲಿ ಮಾರಿ, ಕಣ್ಣು ಮುಚ್ಚಿ ತಗೋತಾರೆ" ಅಂತ ಹುರಿದುಂಬಿಸುತ್ತಾರೆ. ಇಲ್ಲಿ ನಿಧಾನವಾಗಿ ಲೆಕ್ಕ ಹಾಕಬೇಕು.

ಅರ್ಧ ಕೆಜಿ ಬಾಟಲಿಗೆ 250 ರೂ. ಅಂದುಕೊಳ್ಳಿ. ಮಿಡಿ, ಉಪ್ಪು, ಖಾರ, ಬಾಟಲಿ, ಲೇಬಲ್, ಕೂಲಿ ಸೇರಿ 150. ಉಳಿಯುವುದು 100. ಒಂದು ಆರ್ಡರಿಗೆ ಮೂರು ಬಾಟಲಿ ಅಂದರೆ 750 ರೂ. ಬಂತು, 300 ಉಳಿಯಿತು. ಕೊರಿಯರ್ 120 ನೀವೇ ಹಾಕಿಕೊಂಡರೆ, ಎಣ್ಣೆ ಸೋರದ ಹಾಗೆ ಪ್ಯಾಕ್ ಮಾಡಲು 40, ಸೈಟಿನಲ್ಲಿ ಹಣ ಕಟ್ಟಿಸಿಕೊಡುವ ಪೇಮೆಂಟ್ ಗೇಟ್‌ವೇಗೆ ಶೇ. 2 ಮತ್ತು ಅದರ ಜಿಎಸ್‌ಟಿ ಸೇರಿ 18. ಕೊನೆಗೆ ಕೈಯಲ್ಲಿ 122 ರೂ. ಮೂರು ವರ್ಷಕ್ಕೆ 60,000 ತಗಲುವ ಆನ್‌ಲೈನ್ ಅಂಗಡಿ ಮಾಡಿಸಿದರೆ, ಬರೀ ಆ ಖರ್ಚು ವಾಪಸ್ ಬರಲು 492 ಆರ್ಡರ್ ಬೇಕು. ಅಂದರೆ ಹೆಚ್ಚು ಕಡಿಮೆ 1,475 ಬಾಟಲಿ.

ಅಷ್ಟು ಮಿಡಿ ಎಲ್ಲಿಂದ ಬರುತ್ತದೆ? ಹೊಳೆ ಬದಿಯ ಮರ ಒಂದು ವರ್ಷ ಸುರಿದರೆ ಇನ್ನೊಂದು ವರ್ಷ ಕೈ ಕೊಡುತ್ತದೆ. ವರ್ಷಕ್ಕೆ 400 ಬಾಟಲಿ ಹಾಕುವ ಮನೆಗೆ ಮೂರು ವರ್ಷದಲ್ಲಿ ಆಗುವುದೇ 1,200. ಎಲ್ಲವನ್ನೂ ಸೈಟಿನಲ್ಲೇ ಮಾರಿದರೂ ಖರ್ಚು ಹುಟ್ಟುವುದಿಲ್ಲ. ಇಂಥವರಿಗೆ ವಾಟ್ಸಾಪ್ ಕ್ಯಾಟಲಾಗ್, ಯುಪಿಐ ಕ್ಯೂಆರ್ ಸಾಕು. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಎಂಡಿಆರ್ (ಪಾವತಿ ಸ್ವೀಕರಿಸಿದ್ದಕ್ಕೆ ಕೊಡುವ ಶುಲ್ಕ) ಹಿಡಿಯುವಂತಿಲ್ಲ. ಆ 18 ರೂಪಾಯಿಯೂ ಉಳಿಯುತ್ತದೆ. ಜೋನಿ ಬೆಲ್ಲ, ತೊಡದೇವು, ಹಪ್ಪಳ, ಜೇನು ಎಲ್ಲ ಸೇರಿಸಿ ವರ್ಷ ಪೂರ್ತಿ ಸಾಮಾನು ಕೊಡಬಲ್ಲ ಸ್ವಸಹಾಯ ಗುಂಪಿನ ಕಥೆ ಬೇರೆ. ಅವರು ಒಟ್ಟಾಗಿ ಒಂದು ಸೈಟ್ ಮಾಡಿಕೊಂಡರೆ ಲೆಕ್ಕ ಕೂಡುತ್ತದೆ.

ಆನ್‌ಲೈನ್ ಮಾರಾಟಕ್ಕೆ ಇಳಿಯುವ ಮೊದಲು ಇನ್ನೊಂದು ಖರ್ಚು ಗಮನಿಸಿ. ಕರ್ನಾಟಕದೊಳಗೆ ಬರೀ ಸರಕು ಮಾರುವ ಸಣ್ಣ ವ್ಯಾಪಾರಿಗೆ 40 ಲಕ್ಷ ವಹಿವಾಟಿನವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ, ಕರಕುಶಲ ವಸ್ತುಗಳಂಥ ಕೆಲವು ವಿನಾಯಿತಿ ಬಿಟ್ಟು, ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಕಡ್ಡಾಯ. ಮುಂಬೈಗೆ ಹೋಗುವ ಮೊದಲ ಬಾಟಲಿಯ ಜೊತೆಗೇ ರಿಟರ್ನ್ ಸಲ್ಲಿಸುವ ಕೆಲಸವೂ, ಅದಕ್ಕೆ ಕೊಡುವ ಫೀಸೂ ಶುರು. ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಬೇಕೇ ಬೇಕು. ನಿಮ್ಮ ಲೆಕ್ಕ ನೋಡುವ ಆಡಿಟರ್ ಹತ್ತಿರ ಈ ಎರಡನ್ನೂ ಮಾತಾಡಿದ ಮೇಲೆಯೇ ಸೈಟ್ ಮಾತು ಎತ್ತಿ.

ಹಾಳೆ ತಟ್ಟೆ ಘಟಕದವರಿಗೆ ತಿರುಗಿದ ಲೆಕ್ಕ. ಅವರಿಗೆ ನೂರು ಜನ ಗಿರಾಕಿ ಬೇಡ, ನಿಯಮಿತವಾಗಿ ಕೊಳ್ಳುವ ನಾಲ್ಕು ಕೇಟರಿಂಗ್‌ನವರು ಸಾಕು. ಸೈಟ್ ನೋಡಿ ಒಬ್ಬ ಸಗಟು ಗಿರಾಕಿ ಬಂದರೆ ಸೈಟಿನ ಖರ್ಚು ಒಂದೇ ವರ್ಷದಲ್ಲಿ ಹುಟ್ಟಬಹುದು. ಅವರ ಸೈಟಿಗೆ ಮೂರು ಪುಟ ಸಾಕು. ಆದರೆ ಪುಟಗಳಲ್ಲಿ ವಿವರ ಪಕ್ಕಾ ಇರಬೇಕು: ಯಾವ ಯಾವ ಇಂಚಿನ ತಟ್ಟೆ, ದಿನಕ್ಕೆ ಎಷ್ಟು, ಕನಿಷ್ಠ ಆರ್ಡರ್ ಎಷ್ಟು, ಯಂತ್ರದ ಫೋಟೋ, ಜಿಎಸ್‌ಟಿ ನಂಬರ್, ಮಳೆಗಾಲದಲ್ಲಿ ಹಾಳೆ ದಾಸ್ತಾನು ಹೇಗೆ ಒಣಗಿಸಿಡುತ್ತೀರಿ. ರಫ್ತಿನ ಆಸೆಯ ಮೇಲೆ ಮಾತ್ರ ಸೈಟಿಗೆ ದೊಡ್ಡ ಹಣ ಹಾಕಬೇಡಿ. ಅಡಿಕೆ ಹಾಳೆ ತಟ್ಟೆಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ 2025ರಲ್ಲಿ ಎಚ್ಚರಿಕೆ ಹೊರಡಿಸಿದೆ. ಹೊರದೇಶದ ಬೇಡಿಕೆ ಹೀಗೆ ನಮ್ಮ ಕೈ ಮೀರಿ ಬದಲಾಗುತ್ತದೆ. ಊರೂರಿನ ಮದುವೆ ಊಟ ನಿಲ್ಲುವುದಿಲ್ಲ.

ಹೆಜ್ಜೆ 6: ಹಣ ಎಲ್ಲೆಲ್ಲಿ ಹೋಗುತ್ತದೆ, ಎಲ್ಲಿ ಹೋಗಬಾರದು

ಡೊಮೇನ್ ಅಂದರೆ ಸೈಟಿನ ಹೆಸರು. ಡಾಟ್ ಇನ್ ಅಥವಾ ಡಾಟ್ ಕಾಮ್, ಯಾವುದಾದರೂ ಸರಿ. ಮೊದಲ ವರ್ಷ ಆಫರ್ ಎಂದು ತುಂಬಾ ಕಡಿಮೆ ತೋರಿಸುತ್ತಾರೆ. ಎರಡನೇ ವರ್ಷದ ನವೀಕರಣದ ಬೆಲೆ ಎಷ್ಟು ಅಂತ ಮೊದಲೇ ನೋಡಿ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಹೋಸ್ಟಿಂಗ್ ಕೂಡ ಹೀಗೆಯೇ. ಜಾಹೀರಾತಿನ ತಿಂಗಳ ರೇಟು ಸಿಗಬೇಕಾದರೆ ಮೂರೋ ನಾಲ್ಕೋ ವರ್ಷದ್ದು ಒಟ್ಟಿಗೆ ಕಟ್ಟಬೇಕಿರುತ್ತದೆ. ಅವಧಿ ಮುಗಿದ ಮೇಲೆ ಬೆಲೆ ಎರಡು ಪಟ್ಟು ಆಗುವುದೂ ಉಂಟು.

ಎಸ್‌ಎಸ್‌ಎಲ್ ಅಂತ ಬೇರೆ ಸಾಲು ಹಾಕಿ ಎರಡು ಮೂರು ಸಾವಿರ ಬರೆದಿದ್ದರೆ ಯಾಕೆ ಅಂತ ಕೇಳಿ. ಬ್ರೌಸರ್‌ನಲ್ಲಿ ಸೈಟ್ ಸುರಕ್ಷಿತ ಅಂತ ತೋರಿಸುವ ಪ್ರಮಾಣಪತ್ರ ಅದು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಸುಮಾರು ಹತ್ತು ವರ್ಷದಿಂದ ಇದನ್ನು ಉಚಿತವಾಗಿ ಕೊಡುತ್ತಿದೆ. ಬಹಳಷ್ಟು ಹೋಸ್ಟಿಂಗ್ ಕಂಪನಿಗಳು ಅದನ್ನು ತಾವೇ ಹಾಕಿಕೊಡುತ್ತವೆ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಕೂಡ ಉಚಿತ ಸಾಫ್ಟ್‌ವೇರ್. ಅದರಲ್ಲಿ ಕೆಲಸ ಮಾಡಿದ ಕೂಲಿ ಕೊಡಬೇಕು, ಸಾಫ್ಟ್‌ವೇರ್‌ಗೆ ಬೆಲೆ ಕೊಡಬೇಕಿಲ್ಲ.

ಹಣ ನಿಜವಾಗಿ ಹೋಗಬೇಕಾದ್ದು ಫೋಟೋಗೆ ಮತ್ತು ಬರವಣಿಗೆಗೆ. ಹೋಮ್‌ಸ್ಟೇ ಸೈಟಿನಲ್ಲಿ ಜನ ನೋಡುವುದು ಬಚ್ಚಲು ಮನೆ, ಹಾಸಿಗೆ, ಊಟದ ಎಲೆ, ಮನೆಗೆ ಬರುವ ರಸ್ತೆ. ಇಂಟರ್ನೆಟ್‌ನಿಂದ ತೆಗೆದ ಯಾವುದೋ ಹಸಿರು ಬೆಟ್ಟದ ಫೋಟೋ ಹಾಕಿದರೆ ನಂಬಿಕೆ ಹುಟ್ಟುವುದಿಲ್ಲ.

ಫೋಟೋಗ್ರಾಫರ್‌ನನ್ನು ಆಷಾಢದಲ್ಲಿ ಕರೆಯಿರಿ. ಮದುವೆ ಇಲ್ಲದ ತಿಂಗಳು, ಅವರಿಗೂ ಬಿಡುವು, ರೇಟಿನಲ್ಲೂ ಹೊಂದಾಣಿಕೆ ಆಗುತ್ತದೆ. ತೋಟ, ಗದ್ದೆ, ಹಳ್ಳ ಎಲ್ಲ ತುಂಬಿಕೊಂಡಿರುತ್ತವೆ. ಮಳೆ ಬಿಟ್ಟ ಒಂದು ಗಂಟೆಯಲ್ಲಿ ಅಂಗಳ, ಮಾಡು, ಜಗುಲಿ ತೆಗೆಯಲಿ. ಮಳೆ ಸುರಿಯುವಾಗ ಒಳಗೆ ಅಡುಗೆಮನೆ, ಕೋಣೆ ತೆಗೆಯಲಿ. ಚಳಿಗಾಲದ ಅಡಿಕೆ ಸುಲಿತ, ಒಣಗಿಸುವ ಅಟ್ಟ, ಇವನ್ನು ನೀವೇ ಫೋನಿನಲ್ಲಿ ತೆಗೆದು ಆಮೇಲೆ ಸೇರಿಸಿ. ಬೇಸಿಗೆಯ ಒಂದೇ ದಿನ ಎಲ್ಲ ಮುಗಿಸಿದರೆ ಮಲೆನಾಡು ಒಣಗಿದ ಬಯಲಿನ ಹಾಗೆ ಕಾಣುತ್ತದೆ.

ತೆಗೆದ ಫೋಟೋವನ್ನು ಹಾಗೇ ಏರಿಸಬಾರದು. ಒಂದೊಂದು ನಾಲ್ಕೈದು ಎಂಬಿ ಇರುತ್ತದೆ. 200 ಕೆಬಿ ಆಸುಪಾಸಿಗೆ ಇಳಿಸಿದರೆ ಫೋನಿನಲ್ಲಿ ನೋಡುವವರಿಗೆ ವ್ಯತ್ಯಾಸವೇ ತಿಳಿಯದು. ಘಟ್ಟದ ರಸ್ತೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ನಿಮ್ಮ ನಂಬರ್ ಹುಡುಕುವವರ ಬಗ್ಗೆ ಯೋಚಿಸಿ. ಸೈಟ್ ತೆರೆದ ತಕ್ಷಣ ಮೇಲೆಯೇ ನಂಬರ್ ಕಾಣಬೇಕು, ಒತ್ತಿದರೆ ಕರೆ ಹೋಗಬೇಕು. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ ಉಚಿತ ಸೌಲಭ್ಯದಲ್ಲಿ ಸೈಟಿನ ವೇಗ ನೀವೇ ನೋಡಬಹುದು. ಕೊನೆಯ ಕಂತು ಕೊಡುವ ಮುಂಚೆ ನೋಡಿ.

ಕನ್ನಡದ ಪುಟ ಬೇಕಾದರೆ ಯೂನಿಕೋಡ್‌ನಲ್ಲೇ (ಎಲ್ಲ ಫೋನು, ಕಂಪ್ಯೂಟರ್ ಓದಬಲ್ಲ ಅಕ್ಷರ ವ್ಯವಸ್ಥೆ) ಇರಬೇಕು ಅಂತ ಒಪ್ಪಂದದಲ್ಲಿ ಬರೆಸಿ. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕರಪತ್ರವನ್ನೇ ಕೊಟ್ಟರೆ, ಅದು ಚಿತ್ರವಾಗಿ ಸೈಟಿಗೆ ಹೋಗುತ್ತದೆ ಅಥವಾ ಅಕ್ಷರ ಕೆಟ್ಟು ಕಾಣುತ್ತದೆ. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವರಿಗೆ ಅದು ಸಿಗುವುದೇ ಇಲ್ಲ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಥರದ ಒಳ್ಳೆಯ ಯೂನಿಕೋಡ್ ಫಾಂಟ್‌ಗಳು ಉಚಿತವಾಗಿಯೇ ಸಿಗುತ್ತವೆ.

ಮೂರು ನಾಲ್ಕು ಕೋಣೆಗೆ ಆನ್‌ಲೈನ್ ಬುಕಿಂಗ್ ಸಾಫ್ಟ್‌ವೇರ್ ಬೇಡ. ಒಂದೇ ಕೋಣೆ ಆ್ಯಪ್‌ನಲ್ಲೂ ಸೈಟಿನಲ್ಲೂ ಬುಕ್ ಆಗದ ಹಾಗೆ ನೋಡಿಕೊಳ್ಳಲು ಇನ್ನೊಂದು ಸಾಫ್ಟ್‌ವೇರ್ ಬೇಕಾಗುತ್ತದೆ, ಅದಕ್ಕೆ ತಿಂಗಳ ಬಾಡಿಗೆ. ಫೋನು, ವಾಟ್ಸಾಪ್, ಯುಪಿಐ ಅಡ್ವಾನ್ಸ್ ಇಷ್ಟರಲ್ಲೇ ನಡೆಯುತ್ತದೆ.

ಹೆಜ್ಜೆ 7: ಕೊಟೇಶನ್ ಕೈಗೆ ಬಂದಾಗ

ಮೊದಲ ಪ್ರಶ್ನೆ ಬೆಲೆಯದ್ದಲ್ಲ. "ಡೊಮೇನ್ ಯಾರ ಹೆಸರಲ್ಲಿ ತಗೋತೀರಿ?" ಅಂತ ಕೇಳಿ. ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್. ಇದರಲ್ಲಿ ರಾಜಿ ಬೇಡ. ಬೇರೆಯವರ ಖಾತೆಯಲ್ಲಿ ಡೊಮೇನ್ ಇದ್ದು, ಅವರು ಕೆಲಸ ಬಿಟ್ಟರೆ ಅಥವಾ ಫೋನ್ ಎತ್ತದಿದ್ದರೆ, ಬೋರ್ಡು, ಕಾರ್ಡು, ಬಿಲ್ ಬುಕ್ಕಿನ ಮೇಲೆ ಅಚ್ಚಾದ ಹೆಸರು ನಿಮ್ಮ ಕೈ ತಪ್ಪುತ್ತದೆ. ಅವಧಿ ಮುಗಿದು ಬಹಳ ದಿನ ಆದ ಮೇಲೆ ಡೊಮೇನ್ ಬಿಡಿಸಿಕೊಳ್ಳಲು ಹೋದರೆ ಮಾಮೂಲಿ ಶುಲ್ಕದ ಹಲವು ಪಟ್ಟು ಕೇಳುತ್ತಾರೆ. ಅದನ್ನೂ ದಾಟಿದರೆ ಬೇರೆ ಯಾರು ಬೇಕಾದರೂ ಕೊಳ್ಳಬಹುದು. ಸಾಧ್ಯವಾದರೆ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡಿ.

ಎರಡನೆಯದು: "ರೇಟು, ಫೋಟೋ ನಾನೇ ಬದಲಾಯಿಸಬಹುದಾ?" ಪ್ರತಿ ಬದಲಾವಣೆಗೂ 500 ರೂ. ಅಂದರೆ ನೀವು ಬದಲಾಯಿಸುವುದನ್ನೇ ಬಿಡುತ್ತೀರಿ, ಎರಡು ವರ್ಷದ ಹಿಂದಿನ ರೇಟು ನೋಡಿ ಬಂದವರ ಜೊತೆ ವಾದ ಮಾಡಬೇಕಾಗುತ್ತದೆ. ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ.

ಮೂರನೆಯದು ಜಿಎಸ್‌ಟಿ. ವೆಬ್‌ಸೈಟ್ ಕೆಲಸಕ್ಕೆ ಶೇ. 18. "ತೆರಿಗೆ ಪ್ರತ್ಯೇಕ" ಅಂತ ಕೆಳಗೆ ಬರೆದಿದ್ದರೆ 20,000 ಅನ್ನುವುದು 23,600 ಆಗುತ್ತದೆ. ನಿಮಗೆ ಸಾಮಾನ್ಯ ನೋಂದಣಿ ಇದ್ದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಡಿಯಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದು. ನೋಂದಣಿ ಇಲ್ಲದವರಿಗೆ, ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನವರಿಗೆ ಅದು ಪೂರ್ತಿ ಖರ್ಚು.

"ಗೂಗಲ್‌ನಲ್ಲಿ ಮೊದಲ ಪುಟ ಗ್ಯಾರಂಟಿ, ತಿಂಗಳಿಗೆ 5,000" ಅಂದವರಿಗೆ ನಮಸ್ಕಾರ ಹೇಳಿ ಕಳಿಸಿ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಸಾಧ್ಯವಿಲ್ಲ ಅಂತ ಗೂಗಲ್ ತಾನೇ ಹೇಳುತ್ತದೆ. ತಿಂಗಳಿಗೆ 5,000 ಅಂದರೆ ಮೂರು ವರ್ಷಕ್ಕೆ 1,80,000. ನಮ್ಮ ಹೋಮ್‌ಸ್ಟೇಯ ಮಿತಿ ಎಷ್ಟಿತ್ತು, ನೆನಪಿದೆಯಲ್ಲ?

ಅಣ್ಣನ ಮಗ ಬಿಸಿಎ ಓದುತ್ತಿದ್ದಾನೆ, ಅವನೇ ಮಾಡಿಕೊಡುತ್ತಾನೆ ಅನ್ನುವುದೂ ಒಳ್ಳೆಯ ದಾರಿಯೇ. ಆದರೆ ಅವನಿಗೆ ಹಣ ಕೊಟ್ಟೇ ಮಾಡಿಸಿ. ಓದು ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಅಂತ ಈಗಲೇ ಮಾತಾಡಿ, ಪಾಸ್‌ವರ್ಡುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ ಬೀರುವಿನಲ್ಲಿಡಿ.

ಹೆಜ್ಜೆ 8: ಹಣ ಕೊಡುವ ರೀತಿ ಮತ್ತು ಕಾಲ

ಕೆಲಸ ಶುರುವಿಗೆ ಶೇ. 30, ನೀವು ಕೊಟ್ಟ ಬರವಣಿಗೆ, ಫೋಟೋ ಹಾಕಿದ ಸೈಟ್ ತೋರಿಸಿದಾಗ ಶೇ. 40, ಎಲ್ಲ ಪಾಸ್‌ವರ್ಡ್ ಕೈಗೆ ಬಂದ ಮೇಲೆ ಶೇ. 30. ಇದು ನ್ಯಾಯವಾದ ಹಂಚಿಕೆ. ಕೆಲಸ ಮಾಡುವವರೂ ಸಣ್ಣವರೇ, ಅವರ ಕೊನೆಯ ಕಂತನ್ನು ಸುಮ್ನೆ ಎಳೆದಾಡಬೇಡಿ.

ತೋಟ ಇರುವವರು ಅಡಿಕೆ ಕೊಯ್ಲಿನ ಸಮಯಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಮನೆಯವರೆಲ್ಲ ಸುಲಿತ, ಬೇಯಿಸುವುದು, ಒಣಗಿಸುವುದರಲ್ಲಿ ಮುಳುಗಿರುವಾಗ ಸೈಟಿಗೆ ವಿವರ ಬರೆದುಕೊಡಲು ಯಾರಿಗೂ ಪುರುಸೊತ್ತಿಲ್ಲ. ಸೈಟ್ ತಡವಾಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಮಾರ್ಚ್‌ನಿಂದ ಮೇ ಒಳಗೆ ಬರವಣಿಗೆ ಮುಗಿಸಿ, ಇರುವ ಫೋಟೋದಲ್ಲೇ ಸೈಟ್ ತೆರೆದು, ಆಷಾಢದ ಫೋಟೋ ಬಂದ ಮೇಲೆ ಬದಲಾಯಿಸಿದರೆ ಮಳೆಗಾಲದ ವಾರಾಂತ್ಯಗಳೂ ದಸರಾ ರಜೆಯೂ ಸಿಗುತ್ತವೆ.

ಹೆಜ್ಜೆ 9: ವರ್ಷ ತುಂಬಿದಾಗ ಮತ್ತೆ ನೋಟ್‌ಬುಕ್ ತೆಗೆಯಿರಿ

"ಎಲ್ಲಿ ತಿಳೀತು?" ಅಂತ ಕೇಳುವುದನ್ನು ನಿಲ್ಲಿಸಬೇಡಿ. ವರ್ಷದ ಕೊನೆಗೆ ಸೈಟ್ ನೋಡಿ ಬಂದವರನ್ನು ಎಣಿಸಿ, ಹೆಜ್ಜೆ 3ರ ಅಂಕಿಯಿಂದ ಗುಣಿಸಿ. ನಮ್ಮ ಉದಾಹರಣೆಯ ಹೋಮ್‌ಸ್ಟೇಗೆ 27,800 ಬಂದಿರಬೇಕಿತ್ತು. ಅದರ ಹತ್ತಿರ ಬಂದಿದ್ದರೆ ಏನೂ ಬದಲಾಯಿಸಬೇಡಿ, ವರ್ಷದ 8,000 ಖರ್ಚು ಮಾಡುತ್ತಾ ಹೋಗಿ. 10,000ಕ್ಕಿಂತ ಕೆಳಗಿದ್ದರೆ ಹೊಸ ಡಿಸೈನ್‌ಗೆ ಓಡಬೇಡಿ. ಮೊದಲು ಪಿನ್, ಫೋನ್ ನಂಬರ್, ರೇಟು, ಫೋಟೋ ಸರಿ ಇವೆಯಾ ನೋಡಿ, ಇನ್ನೊಂದು ಸೀಸನ್ ಕೊಡಿ. ಆಗಲೂ ಬರದಿದ್ದರೆ ಡೊಮೇನ್ ಮಾತ್ರ ಉಳಿಸಿಕೊಂಡು, ಒಂದೇ ಪುಟಕ್ಕೆ ಇಳಿಸಿ. ಖರ್ಚೂ ಇಳಿಯುತ್ತದೆ.

50,000 ದಾಟಿದ್ದರೆ ಮಿತಿಯನ್ನು ಹೊಸ ಅಂಕಿಯಿಂದ ಮತ್ತೆ ಲೆಕ್ಕ ಹಾಕಿ. ಇಂಗ್ಲಿಷ್ ಜೊತೆ ಪೂರ್ತಿ ಕನ್ನಡ ಪುಟಗಳು, ಹೊಸ ಫೋಟೋಗಳು, ಸೀಸನ್ ಮುಂಚೆ ಒಂದಿಷ್ಟು ಗೂಗಲ್ ಜಾಹೀರಾತು, ಇವಕ್ಕೆ ಆಗ ಹಣ ತೆಗೆಯಬಹುದು. ಕೋಣೆಗಳು ಹತ್ತಕ್ಕೆ ಏರಿ, ಫೋನಿನಲ್ಲಿ ಬುಕಿಂಗ್ ಬರೆದುಕೊಳ್ಳುವುದೇ ಕಷ್ಟವಾದಾಗ ಬುಕಿಂಗ್ ಸಾಫ್ಟ್‌ವೇರ್‌ಗೆ ಕೊಟೇಶನ್ ಕೇಳಿ.